ನಾಜಿಯಾ ಖಾಲಿ ಬಿಟ್ಟ ಎಂಟು ಸೆಕೆಂಡು

ಕಳೆದ ವರ್ಷ ನಾನು ನೋಯ್ಡಾದ ಒಂದು ಸಬ್‌ಟೈಟಲ್ ಕಂಪನಿಯಲ್ಲಿ ಕನ್ನಡ ವಿಭಾಗದ ಹಿರಿಯ ಸಂಪಾದಕಿಯಾಗಿದ್ದೆ. ಹದಿನಾರು ವರ್ಷದ ಅನುಭವ. ನನ್ನ ಕೈಕೆಳಗೆ ಹಾವೇರಿಯ ನಾಜಿಯಾ ಸೇರಿ ಐದು ತಿಂಗಳಾಗಿತ್ತು; ಇನ್ನೊಂದು ತಿಂಗಳಲ್ಲಿ ಅವಳ ಕೆಲಸ ಖಾಯಂ ಆಗಬೇಕಿತ್ತು.

ಸುತ್ತಿ ಬಳಸಿ ಹೇಳುವುದೇಕೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಎರಡು ಸಾಲು ತುಂಬಿಸುವ ಕಡೆ ಅವಳು ಮೂರು ಪದದಲ್ಲಿ ಮುಗಿಸುತ್ತಿದ್ದಳು. ಮೈಸೂರಿನವರಾದ ನಮ್ಮ ಮ್ಯಾನೇಜರ್ ಪ್ರಸನ್ನ, ಮೀಟಿಂಗಿನಲ್ಲಿ ಎಲ್ಲರೆದುರು "ನಾಜಿಯಾ ಫೈಲ್ ನೋಡಿ ಕಲೀರಿ" ಅಂದ ದಿನ ನನಗೆ ಊಟ ಸೇರಲಿಲ್ಲ. ದೆಹಲಿಯ ದ್ವಾರಕಾದ ಮನೆಗೆ ಮರಳುವಾಗ ಮೆಟ್ರೊದಲ್ಲಿ ಇಡೀ ದಾರಿ ಅವಳ ಫೈಲಿನಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗದೆ ಇನ್ನಷ್ಟು ಉರಿದೆ.

ಆಗ ಬಂದದ್ದು ಹರಿಯಾಣದ ಮಾನೇಸರಿನ ವಾಹನ ಬಿಡಿಭಾಗ ಕಾರ್ಖಾನೆಯೊಂದರ ಸುರಕ್ಷತಾ ವಿಡಿಯೊ. ನಿರೂಪಣೆ ಹಿಂದಿಯಲ್ಲಿ, ಕರ್ನಾಟಕದಿಂದ ಬಂದ ಟ್ರೇನಿಗಳಿಗೆ ಕನ್ನಡ ಸಬ್‌ಟೈಟಲ್ ಬೇಕಿತ್ತು. ತಗಡು ಒತ್ತುವ ಪ್ರೆಸ್ ಯಂತ್ರದೊಳಗೆ ಕೈ ಹಾಕುವ ಮುನ್ನ ಅದನ್ನು ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಕೀಲಿ ಅಲ್ಲೇ ಉಳಿದರೆ ಬೇರೆ ಯಾರಾದರೂ ತಿರುಗಿಸಿಯಾರು, ಕೈ ಹೋದೀತು. ಕೆಲಸಗಾರನೊಬ್ಬ ಇದನ್ನು ಮಾಡಿ ತೋರಿಸುವ ದೃಶ್ಯ ಎಂಟು ಸೆಕೆಂಡು. ಅಷ್ಟು ಹೊತ್ತೂ ನಿರೂಪಕ ನಿಯಮಗಳ ಮಹತ್ವ ಕೊರೆಯುತ್ತಾನೆ. ನಾಜಿಯಾ ಅಲ್ಲಿ ಒಂದಕ್ಷರವನ್ನೂ ಹಾಕಿರಲಿಲ್ಲ.

ಸಿಕ್ಕಿಬಿದ್ದಳು ಎಂದು ಹಿಗ್ಗಿದೆ. ಅವಳನ್ನು ಕೇಳಲೂ ಇಲ್ಲ. ನಿರೂಪಕನ ಮಾತನ್ನೆಲ್ಲ ಎರಡೆರಡು ಸಾಲಿನಲ್ಲಿ ನಾನೇ ತುಂಬಿಸಿ, ಅವಳ ಹೆಸರಿನಲ್ಲೇ ಫೈಲ್ ಕಳಿಸಿದೆ. ಖಾಯಂ ಮಾಡುವ ಮೀಟಿಂಗಿನಲ್ಲಿ ಈ ಮಾತು ಎತ್ತಬೇಕೆಂದು ಡೈರಿಯಲ್ಲಿ ಬರೆದಿಟ್ಟುಕೊಂಡೆ.

ಮಾನೇಸರಿನಲ್ಲಿ ಮೊದಲು ಹನ್ನೆರಡು ಟ್ರೇನಿಗಳಿಗೆ ವಿಡಿಯೊ ತೋರಿಸಿದರು. ಪ್ರಸನ್ನ, ನಾಜಿಯಾ ಕೂಡ ಬಂದಿದ್ದರು. ನಾನು ಪಕ್ಕದಲ್ಲಿ ನಿಂತು ಟ್ರೇನಿಗಳ ಮುಖಗಳನ್ನೇ ನೋಡುತ್ತಿದ್ದೆ. ನನ್ನ ಸಾಲುಗಳು ಬಂದಾಗ ಎಲ್ಲರ ಕಣ್ಣೂ ಪರದೆಯ ಕೆಳಕ್ಕಿಳಿದವು. ಮೇಲೇರುವಷ್ಟರಲ್ಲಿ ಕೀಲಿ ಜೇಬು ಸೇರಿಯಾಗಿತ್ತು. ಆಮೇಲೆ ಕರೆಂಟ್ ತೆಗೆದ ಯಂತ್ರದ ಮುಂದೆ ಒಬ್ಬೊಬ್ಬರಾಗಿ ಮಾಡಿ ತೋರಿಸಿದರು. ಏಳು ಮಂದಿ ಕೀಲಿಯನ್ನು ಯಂತ್ರದಲ್ಲೇ ಬಿಟ್ಟು ಒಳಗೆ ಕೈ ಹಾಕಿದರು.

ಏಳನೆಯವಳನ್ನು ಪ್ರಸನ್ನ ಕೇಳಿದರು, "ಕೀಲಿ ಯಾಕಮ್ಮ ತೆಗೀಲಿಲ್ಲ?"

"ಓದ್ತಾ ಇದ್ದೆ ಸರ್. ಅವ್ರು ಕೀಲಿ ಏನ್ ಮಾಡಿದ್ರು ನೋಡ್ಲೇ ಇಲ್ಲ."

ಪ್ರಸನ್ನ ನಾಜಿಯಾ ಕಡೆ ತಿರುಗಿದರು. "ಇದು ನಿನ್ನ ಫೈಲ್ ಅಲ್ವಾ? ನಿನ್ನನ್ನ ಖಾಯಂ ಮಾಡಿ ಅಂತ ನಾನು ಹೇಗೆ ಬರೀಲಿ?"

ನಾಜಿಯಾ ನನ್ನನ್ನು ನೋಡಿದಳು. ನಾನು ಸುಮ್ಮನಿದ್ದರೆ ಸಾಕಿತ್ತು, ಅವಳ ಕಾಟ ಅಲ್ಲಿಗೆ ತಪ್ಪುತ್ತಿತ್ತು. ಆದರೆ ಆ ಟ್ರೇನಿ ಹುಡುಗಿಯ ಕೈ ಇನ್ನೂ ಯಂತ್ರದೊಳಗೇ ಇತ್ತು.

"ಆ ಸಾಲು ನಂದು ಸರ್. ಅವಳು ಖಾಲಿ ಬಿಟ್ಟಿದ್ಲು, ನಾನು ತುಂಬಿಸ್ದೆ."

ನಾಜಿಯಾಳ ಮೂಲ ಫೈಲನ್ನು ಇನ್ನೊಂದು ತಂಡಕ್ಕೆ ತೋರಿಸಿದರು. ಹನ್ನೆರಡರಲ್ಲಿ ಹನ್ನೊಂದು ಮಂದಿ ಕೀಲಿ ಜೇಬಿಗಿಳಿಸಿದರು. ಎಲ್ಲರೂ ಅವಳ ಕೈ ಕುಲುಕುವಾಗ, ಅಷ್ಟು ನಾಚಿಕೆಯ ನಡುವೆಯೂ ನನ್ನ ಹೊಟ್ಟೆ ಉರಿಯಿತು.

ವಾಪಸ್ ಬರುವಾಗ ಕ್ಯಾಬಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು: "ಯಾಕೆ ಖಾಲಿ ಬಿಟ್ಟೆ ಅಂತ ಕೇಳಿದ್ರೆ ಹೇಳ್ತಿದ್ದೆ ಮೇಡಂ."

ಅಕ್ಷರ ಬಂದ ಕಡೆ ಕಣ್ಣು ಹೋಗುತ್ತದೆ, ಬೇಡವೆಂದರೂ ಹೋಗುತ್ತದೆ. ನೋಡಲೇಬೇಕಾದ್ದು ಇರುವಾಗ ಸಬ್‌ಟೈಟಲ್ ದಾರಿ ಬಿಡಬೇಕು. ಹದಿನಾರು ವರ್ಷ ಇದೇ ಕೆಲಸ ಮಾಡಿದ ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆ ಎಂಟು ಸೆಕೆಂಡು ನೋಡುವಾಗ ನಾನು ಕೀಲಿಯನ್ನೇ ನೋಡಿರಲಿಲ್ಲ. ನಾಜಿಯಾಳ ತಪ್ಪನ್ನಷ್ಟೇ ನೋಡಿದ್ದೆ.