ಭೂಖನಕಕ್ಕೆ ಅಮ್ಮ ಹೇಳಿದ ಮಾತು

ಮಣ್ಣು ಅಗೆಯುವ ಯಂತ್ರಗಳಿಗೆಲ್ಲ ಕನ್ನಡದಲ್ಲಿ ಹೆಸರಿಡುವ ಕೆಲಸವನ್ನು ಹಾಸನದ ಗೆಳೆಯರ ಬಳಗವೊಂದು ನನ್ನ ತಲೆಗೆ ಕಟ್ಟಿತ್ತು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇನ್ನೇನು ಕೆಲಸ ಎಂದುಕೊಂಡಿರಬೇಕು. ನನಗೂ ಒಳಗೊಳಗೇ ಖುಷಿ. ಹಾಳೆಯ ಮೇಲೆ ಮೂರು ಕಾಲಂ ಗೀಚಿಕೊಂಡೆ: ಜನ ಕರೆಯುವ ಹೆಸರು, ಅದರ ಮೂಲ, ನಾನು ಕೊಡುವ ಹೆಸರು. ಹೊತ್ತ ಮಣ್ಣನ್ನು ವಾಲಿಸಿ ಸುರಿಯುವ ಟಿಪ್ಪರ್ ಸಲೀಸಾಗಿ 'ಸುರಿಬಂಡಿ' ಆಯಿತು. ಜೆಸಿಬಿ ಎಂಬುದು ಇಂಗ್ಲೆಂಡಿನ ಯಾರೋ ಯಜಮಾನರ ಹೆಸರಿನ ಮೊದಲಕ್ಷರಗಳಷ್ಟೆ. ಅದರಲ್ಲಿ ಮಣ್ಣೂ ಇಲ್ಲ, ಅಗೆತವೂ ಇಲ್ಲ. ಅದಕ್ಕೆ 'ಭೂಖನಕ' ಎಂದು ಬರೆದೆ. ಬಕೆಟ್ಟಿನ ತುದಿಯ ಚೂಪು ಮೊನೆಗಳಿಗೆ 'ಖನನದಂತ' ಎಂದು ಬರೆದು, ಆ ಸಂತೋಷಕ್ಕೆ ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಅದೇ ವಾರ ಹೊಳೆನರಸೀಪುರದ ನಮ್ಮ ಮನೆಯ ಹಿಂದಿದ್ದ ಹಳೆಯ ಅಡುಗೆಕೋಣೆಯನ್ನು ಕೆಡವಿಸುತ್ತಿದ್ದೆ. ಗೋಡೆ, ಹೆಂಚು ಎಲ್ಲ ಹೋದವು. ನೆಲದಲ್ಲಿ ಹೂತಿದ್ದ ಒರಳುಕಲ್ಲು ಮಾತ್ರ ಉಳಿಯಿತು. ಅಮ್ಮ ಮದುವೆಯಾಗಿ ಬಂದ ಮೊದಲ ವಾರದಿಂದ ರುಬ್ಬಿದ ಕಲ್ಲು ಅದು. ಗ್ರೈಂಡರಿನಲ್ಲಿ ರುಬ್ಬಿದ ಹೂರಣದ ಒಬ್ಬಟ್ಟನ್ನು ಅವಳು ಈಗಲೂ ಮುಟ್ಟುವುದಿಲ್ಲ.

"ಕಲ್ಲು ಒಡೀತೋ, ನಾನು ಚನ್ನರಾಯಪಟ್ಟಣಕ್ಕೆ ನಿಮ್ಮಕ್ಕನ ಮನೆಗೆ ಹೊರಟೆ," ಎಂದಳು. "ಕರೆಯೋಕೆ ಬರ್ಬೇಡ."

ಎಂಬತ್ತು ದಾಟಿದ್ದರೂ ಅಮ್ಮ ಆಡಿದ್ದನ್ನು ಮಾಡಿಯೇ ತೀರುವವಳು. ಅವಳಿಲ್ಲದ ಮನೆಯನ್ನು ನೆನೆದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹಳೇಕೋಟೆ ಕಡೆಯ ಡ್ರೈವರ್ ಹಳದಿ ಯಂತ್ರ ತಂದು ಹಿತ್ತಲಲ್ಲಿ ನಿಲ್ಲಿಸಿದ. ಅದರ ಮೈಮೇಲೆ ಬೇರೆಯೇ ಹೆಸರಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಇದು ಜೆಸಿಬಿ ಅಲ್ಲವಲ್ಲಪ್ಪ?"

"ಜೆಸಿಬೀನೇ ಸಾ."

"ಬೇರೆ ಏನೋ ಬರೆದಿದೆ."

"ಅದು ಕಂಪ್ನಿ ಎಸ್ರು ಸಾ. ಟೈರ್ ಮ್ಯಾಲೆ ಓಡುದ್ರೆ ಜೆಸಿಬಿ, ಚೈನ್ ಮ್ಯಾಲೆ ಓಡುದ್ರೆ ಇಟಾಚಿ. ಯಾರ್ ಮಾಡುದ್ರೇನು?"

ಹಿಟಾಚಿ ಎಂಬ ಜಪಾನಿನ ಒಂದು ಊರಿನ ಹೆಸರಿಗೆ ನಮ್ಮ ಸೀಮೆಯಲ್ಲಿ ಚೈನು ಎಂಬ ಅರ್ಥ ಬಂದಿರುವುದನ್ನು ನಾನು ಕಿಸೆಯಿಂದ ಹಾಳೆ ತೆಗೆದು ಗುರುತು ಹಾಕಿಕೊಂಡೆ. ತಲೆ ಎತ್ತುವಷ್ಟರಲ್ಲಿ ಕೆಲಸ ಶುರುವಾಗಿತ್ತು. ಕಲ್ಲಿನ ಸುತ್ತಲ ಮಣ್ಣು ಬಿಡಿಸಿದ ಬಕೆಟ್ಟು ಈಗ ಕಲ್ಲಿನ ಅಂಚಿಗೇ ಬರುತ್ತಿತ್ತು. ನಾಲ್ಕು ದಿನದಿಂದ ಬೇರೆ ಮಾತಾಡದ ನನ್ನ ನಾಲಿಗೆಗೆ ಆ ಹೊತ್ತಿನಲ್ಲಿ ಸಿಕ್ಕಿದ್ದು ಒಂದೇ ಪದ. "ಖನನದಂತ, ಖನನದಂತ," ಎಂದು ಎರಡೂ ಕೈ ಮೇಲೆತ್ತಿ ಕೂಗಿದೆ. ಯಾವುದೋ ಮಂತ್ರ ಇರಬೇಕೆಂದು ಡ್ರೈವರ್ ಭಕ್ತಿಯಿಂದ ಒಂದು ಕೈ ಎದೆಗೆ ಮುಟ್ಟಿಸಿಕೊಂಡು, ಇನ್ನೊಂದು ಕೈಯಲ್ಲಿ ಲಿವರ್ ಎಳೆದ.

ಅಷ್ಟರಲ್ಲಿ ಅಮ್ಮ ಕೋಲೂರಿಕೊಂಡು ಯಂತ್ರದ ಎದುರಿಗೇ ಬಂದಿದ್ದಳು.

"ಹಲ್ಲು ತಾಕತ್ತೆ ಕಣಪ್ಪ, ಬಾಯಿ ಮೇಲ್ಮಾಡು."

ಯಂತ್ರ ತಟಕ್ಕನೆ ನಿಂತಿತು. ಬಕೆಟ್ಟು ಅಂಗಾತವಾಯಿತು.

"ಹಾಂ. ಈಗ ಕಲ್ಲಿನ ಅಡೀಗೆ ಕೈ ಕೊಡು. ಮಗೂನ ಎತ್ಕೊಳ್ಳೋ ಹಾಗೆ, ನಿಧಾನ," ಎಂದು ತನ್ನ ಅಂಗೈಯನ್ನೇ ಚಾಚಿ ತೋರಿಸಿದಳು.

"ಆಯ್ತು ಕಣವ್ವ," ಎಂದ ಡ್ರೈವರ್. ಅಷ್ಟು ದೊಡ್ಡ ಕಲ್ಲು ಒಂದು ಚಕ್ಕೆಯೂ ಏಳದೆ ಮೇಲೆ ಬಂತು. ಹೊಸ ಅಡುಗೆಮನೆಯ ಬಾಗಿಲ ಬಳಿ ಅದನ್ನು ಕೂರಿಸಿ ಅವನು ಕೆಳಗಿಳಿದು ನನ್ನ ಹತ್ತಿರ ಬಂದ.

"ಅವ್ವಂಗೆ ನಮ್ ಕೆಲ್ಸ ಎಂಗ್ ಗೊತ್ತು ಸಾ? ನಾವೂ ಅಲ್ಲು, ಬಾಯಿ, ಕೈ ಅಂತ್ಲೇ ಅನ್ನದು."

ನನಗೆ ಹೊಟ್ಟೆಕಿಚ್ಚಾಗಿತ್ತು.

ಸಂಜೆ ಅಮ್ಮ ಕಲ್ಲು ತೊಳೆದು, ಬೇಯಿಸಿದ ಬೇಳೆ, ಬೆಲ್ಲ ಮುಂದಿಟ್ಟುಕೊಂಡು ಕೂತಳು. ಬೆಳಿಗ್ಗೆ ಏನು ಕೂಗಿದೆ ಎಂದು ಕೇಳಿದಳು. ನಾನು ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ, ಸ್ವಲ್ಪ ರಾಗವಾಗಿಯೇ ಓದಿದೆ. ಅಮ್ಮ ಪೂರ್ತಿ ಕೇಳಿದಳು.

"ಚೆನ್ನಾಗಿದೆ ಕಣೋ," ಎಂದಳು. "ಇದ್ರಲ್ಲಿ ಯಾವ್ದನ್ನ ಹೇಳಿದ್ರೆ ಆ ಯಂತ್ರ ನಿಲ್ಲತ್ತೆ?"

ನಾನು ಹಾಳೆ ಮಡಚಿ ಕಿಸೆಗಿಟ್ಟು, ಒರಳಿನ ಗುಂಡು ಹಿಡಿದು ರುಬ್ಬಲು ಕೂತೆ. ಅಮ್ಮ ಚನ್ನರಾಯಪಟ್ಟಣಕ್ಕೆ ಹೋಗಲಿಲ್ಲ.