ನಜರಬಂದಿ ಮತ್ತು ಕಾಸಿಂಸಾಬರ ಗೋರಿಕಲ್ಲು

ನನಗೆ ಪದಗಳ ಹುಟ್ಟೂರು ಹುಡುಕುವ ಚಟವಿದೆ. ಊಟಕ್ಕೆ ಕೂತಾಗಲೂ ನಿಘಂಟು ತೆರೆಯುತ್ತೇನೆ. ಸಾರು ಆರುತ್ತದೆ, ಹೆಂಡತಿಯ ತಲೆ ಬಿಸಿಯಾಗುತ್ತದೆ. ಪಾರ್ವತಿನಗರದ ನಮ್ಮ ಓಣಿಗೆಲ್ಲ ಇದು ಗೊತ್ತು. ಹಾಗಾಗಿಯೇ ಪಕ್ಕದ ಮನೆಯ ಹುಸೇನ್‌ಬಿ ಒಂದು ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಕೇಳಿದರು: "ತಮ್ಮಾ, ನಜರಬಂದಿ ಅಂದ್ರ ಜೈಲೇನು?"

ಹುಸೇನ್‌ಬಿಗೆ ಎಂಬತ್ತು ದಾಟಿದೆ. ಅವರ ತಂದೆ ಕಾಸಿಂಸಾಬರು ಕುರುಗೋಡಿನವರು. ಮುಂಬಯಿಗೆ ಹೋಗಿ ಬ್ರಿಟಿಷರ ಸರಕು ಹಡಗಿನಲ್ಲಿ ಅಡುಗೆಗೆ ಸೇರಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಆ ಹಡಗನ್ನು ಹಿಡಿದು, ಅದರಲ್ಲಿದ್ದವರನ್ನೆಲ್ಲ ತಂತಿಬೇಲಿಯ ಶಿಬಿರವೊಂದರಲ್ಲಿ ಯುದ್ಧ ಮುಗಿಯುವ ತನಕ ಇಟ್ಟುಕೊಂಡರು. ಮರಳಿ ಬಂದ ಕಾಸಿಂಸಾಬರು ತಾವು ನಜರಬಂದಿಯಲ್ಲಿದ್ದುದಾಗಿ ಹೇಳಿದರು. ಊರಿನವರು ಜೈಲು ಎಂದು ಕೇಳಿಸಿಕೊಂಡರು. ಅಂದಿನಿಂದ ಅವರ ಮನೆಗೆ 'ಜೈಲು ಕಾಸಿಂಸಾಬನ ಮನೆ' ಎಂಬ ಹೆಸರೇ ಬಿತ್ತು. ಆಗ ಚಿಕ್ಕವರಿದ್ದ ಹುಸೇನ್‌ಬಿ ಮಾತ್ರ ಬೇರೆಯೇ ತಿಳಿದಿದ್ದರು.

"ಸಂತ್ಯಾಗ ಜಾದೂಗಾರ ನಜರಬಂದಿ ಮಾಡಿ ಕೋಳಿ ಮಾಯ ಮಾಡ್ತಿದ್ದ. ನಮ್ಮಪ್ಪನ್ನೂ ಹಂಗಾ ಯಾರೋ ಮಾಯ ಮಾಡ್ಯಾರ ಅಂದ್ಕೊಂಡಿದ್ದೆ," ಎಂದು ನಕ್ಕರು.

ಮಗುವಿನ ತಿಳಿವಳಿಕೆ ಪೂರ್ತಿ ತಪ್ಪಲ್ಲ. ನಜರ್ ಅರಬ್ಬಿಯಿಂದ ಬಂದದ್ದು, ನೋಟ. ಬಂದ್ ಪಾರಸಿ, ಕಟ್ಟು. ನೋಡುವವರ ಕಣ್ಣು ಕಟ್ಟಿದರೆ ಜಾದೂ. ನಮ್ಮ ಕಣ್ಕಟ್ಟು ಇದೇ. ಒಬ್ಬನನ್ನು ಕಣ್ಣ ಕಾವಲಿನಲ್ಲಿ ಕಟ್ಟಿಹಾಕಿದರೆ ಸೆರೆ. ಇಂಥ ಸೆರೆಗೆ ಇಂಗ್ಲಿಷಿನಲ್ಲಿರುವ ಇಂಟರ್ನ್‌ಮೆಂಟ್ ಪದದ ಬೇರು ಲ್ಯಾಟಿನ್ನಿನಲ್ಲಿ 'ಒಳಗಿನ' ಎಂಬ ಪದಕ್ಕೆ ಹೋಗುತ್ತದೆ. ನಮ್ಮ ಕಡೆಯ ಪೊಲೀಸರು 'ಒಳಗ ಹಾಕ್ತೀನಿ' ಎಂದು ಗದರುವಾಗ ತಮಗರಿವಿಲ್ಲದೆ ಲ್ಯಾಟಿನ್ ಆಡುತ್ತಿರುತ್ತಾರೆ. ಅದಕ್ಕೆ ಕನ್ನಡ ನಿಘಂಟು ಕೊಡುವ 'ಸ್ಥಾನಬದ್ಧತೆ' ಯಾವುದೋ ಸೊಂಟದ ಕಾಯಿಲೆಯಂತೆ ಕೇಳಿಸುತ್ತದೆ. ಅದಿರಲಿ, ಮುಖ್ಯವಾದದ್ದು ಇಷ್ಟು: ಜೈಲು ಶಿಕ್ಷೆಗೆ ಅಪರಾಧ ಬೇಕು. ಯುದ್ಧಕಾಲದ ನಜರಬಂದಿಗೆ ವೈರಿಯ ಕಡೆಯವನಾಗಿದ್ದರೆ ಸಾಕು.

ಇದನ್ನು ಹೇಳಿದಾಗ ಹುಸೇನ್‌ಬಿ ನಗಲಿಲ್ಲ. "ಸಿರುಗುಪ್ಪಕ್ಕ ಬಾ. ನಮ್ಮ ಮೌಲಾಗ ಇದನ್ನ ಹೇಳು," ಎಂದರು.

ಮೌಲಾಸಾಬರು ಅವರ ತಮ್ಮ. ಸಿರುಗುಪ್ಪದಲ್ಲಿ ಬಟ್ಟೆ ಅಂಗಡಿ. ಕುರುಗೋಡಿನಲ್ಲಿ ತಂದೆಯ ಗೋರಿಗೆ ಹೊಸ ಕಲ್ಲು ಹಾಕಿಸಬೇಕಿತ್ತು. ಅದರ ಮೇಲೆ ನಜರಬಂದಿಯ ವಿಷಯ ಬರೆಸಬೇಕೆಂದು ಅಕ್ಕ. ಸತ್ತ ಮೇಲೂ ಅಪ್ಪನ ಮರ್ಯಾದೆ ತೆಗೆಯಬೇಡ ಎಂದು ತಮ್ಮ. ರಂಜಾನಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಬಸ್ಸಿನಲ್ಲಿ ಹೋದೆವು. ಅಂಗಡಿಯಲ್ಲಿ ಮೌಲಾಸಾಬರು ತಲೆ ಎತ್ತದೆ ಲುಂಗಿ ಮಡಚುತ್ತಿದ್ದರು. ನಾನು ಅರಬ್ಬಿಯಿಂದ ಶುರು ಮಾಡಿದೆ. ಪಾರಸಿಗೆ ಬರುವಷ್ಟರಲ್ಲಿ ತಡೆದರು.

"ಸರ್ರ, ಅದೆಲ್ಲ ಇರ್ಲಿ. ನಮ್ಮಪ್ಪ ಕಳವು ಮಾಡಿದ್ನೋ ಇಲ್ಲೋ, ಅಷ್ಟು ಹೇಳ್ರಿ."

"ಇಲ್ಲ. ಅವರು ಅಡುಗಿ ಮಾಡ್ತಿದ್ರು. ಹಡಗು ಬ್ರಿಟಿಷರದು, ಹಿಡಿದವರು ಜರ್ಮನರು. ಅಷ್ಟಾ ಅವರ ತಪ್ಪು."

ಮೌಲಾಸಾಬರು ಕೈಯಲ್ಲಿದ್ದ ಲುಂಗಿಯನ್ನು ಬದಿಗಿಟ್ಟು ಗಾದಿಯ ಮೇಲೆ ಕೂತರು. ತಂದೆ ತೀರಿಕೊಂಡಾಗ ಅವರಿಗೆ ನೆನಪು ಉಳಿಯುವ ವಯಸ್ಸಾಗಿರಲಿಲ್ಲ. ಶಾಲೆಯಲ್ಲಿ ಹುಡುಗರು ಕಳ್ಳನ ಮಗ ಎನ್ನುತ್ತಿದ್ದರಂತೆ. ಹೌದು ಎಂದುಬಿಟ್ಟಾಳೆಂಬ ಅಂಜಿಕೆಗೆ ತಾಯಿಯನ್ನು ಎಂದೂ ಕೇಳಿರಲಿಲ್ಲ.

"ಅಕ್ಕಾ, ನೀನರ ಹೇಳಬಾರ್ದಾಗಿತ್ತೇನು?"

"ಅಪ್ಪನ ಹೆಸರು ತೆಗೆದ್ರ ನೀ ಎದ್ದು ಹೋಗ್ತಿದ್ದೆಲ್ಲಲೇ. ಯಾರಿಗೆ ಹೇಳ್ಲಿ?"

ಮೌಲಾಸಾಬರು ಕಣ್ಣೊರೆಸಿಕೊಂಡು, "ಬರಸು, ನಿನ್ನ ನಜರಬಂದಿನಾ ಬರಸು," ಎಂದರು.

ಹುಸೇನ್‌ಬಿ ತಮ್ಮನ ಪಕ್ಕ ಕೂತು ಅವರ ಬೆನ್ನ ಮೇಲೆ ಕೈಯಿಟ್ಟರು. "ಬ್ಯಾಡ ಬಿಡು. ನಿನಗ ಗೊತ್ತಾತಲ್ಲ, ಸಾಕು. ಬಂದಿ ಮಾಡಿದವ್ರು ಯಾರೋ. ನಮ್ಮಪ್ಪ ಮಾಡಿದ್ದು ಅಡುಗಿ. ಅದನ್ನ ಬರಸೂಣು."

ಕುರುಗೋಡಿನ ಆ ಕಲ್ಲಿನ ಮೇಲೆ ಈಗ ಹೆಸರಿನ ಕೆಳಗೆ 'ಹಡಗಿನ ಅಡುಗೆಯವರು' ಎಂದಷ್ಟೇ ಇದೆ. ನಾನು ಹೊತ್ತುಕೊಂಡು ಹೋದ ಪದಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ಅರ್ಥ ಸರಿಯಾಗಿ ತಿಳಿದ ಮೇಲೆ ಪದವನ್ನು ಬಿಟ್ಟುಬಿಡಲೂಬಹುದು ಎಂದು ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.