ಆರತಿಗೆ ಕೈ ಮಗುಚುತ್ತಿದ್ದ ಮೇಸ್ತ್ರಿ

ಹಿತ್ತಿಲ ಕಲ್ಲಿನ ಮೇಲೆ ಕೂತು ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚುತ್ತಿದ್ದೆ. ನಮ್ಮನೆಯವರು ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಮೇಸ್ತ್ರಿ ಹೋಗ್ಬಿಟ್ಟ ಕಣೇ" ಅಂದರು.

ನನ್ನ ಕಣ್ಣಿಗೆ ಮೊದಲು ಕಟ್ಟಿದ್ದು ಗ್ಯಾರೇಜಿನ ಮೇಸ್ತ್ರಿಯ ಕೈ. ಅಂಗೈಯ ಗೆರೆಗೆರೆಯಲ್ಲೂ ಕಪ್ಪು ಗ್ರೀಸು, ಸುತ್ತಿಗೆ ಏಟು ತಿಂದು ಅರ್ಧಕ್ಕೇ ನಿಂತ ಹೆಬ್ಬೆರಳ ಉಗುರು. ಸೀಮೆಎಣ್ಣೆ, ಮರದ ಹೊಟ್ಟು, ಬಟ್ಟೆ ಸೋಪು, ಏನು ಹಾಕಿ ತಿಕ್ಕಿದರೂ ಆ ಕಪ್ಪು ಹೋಗುತ್ತಿರಲಿಲ್ಲ. ಸೋಮವಾರದ ಮಂಗಳಾರತಿ ಹೊತ್ತಿಗೆ ನಮ್ಮ ಮನೆಗೆ ಬಂದರೆ ಅಂಗೈ ಚಾಚುತ್ತಿರಲಿಲ್ಲ. ಕೈ ಮಗುಚಿ, ಬೆರಳಿನ ಹಿಂಬದಿಯನ್ನು ಆರತಿಗೆ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. "ದೇವರಿಗೆ ಮಸಿ ಯಾಕಮ್ಮ ತೋರಿಸೋದು" ಅನ್ನುತ್ತಿದ್ದರು.

ನೆಲಮಂಗಲದ ನಮ್ಮ ಬೀದಿಯ ಕೊನೆಯಲ್ಲಿ, ಬೇವಿನ ಮರದ ಕೆಳಗೆ ಒಂದು ತಗಡಿನ ಚಪ್ಪರ. ಅದೇ ಅವರ ಗ್ಯಾರೇಜು. ತೊಂಬತ್ತರ ಆಚೀಚೆಯ ಮಾತು. ನಮ್ಮನೆಯವರು ಒಂದು ಹಳೇ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರು. ಶಿವಗಂಗೆಗೆ ಹೋಗುವವರು, ಮದುವೆಯವರು, ಆಸ್ಪತ್ರೆಗೆ ಹೋಗುವವರು. ಮನೆ ನಡೆಯುತ್ತಿದ್ದದ್ದು ಆ ಕಾರಿನಿಂದ, ಕಾರು ನಡೆಯುತ್ತಿದ್ದದ್ದು ಮೇಸ್ತ್ರಿಯಿಂದ. ನನಗೆ ಅವರು ಅಣ್ಣ. ಅವರಿಗೆ ನಾನು ತಂಗಿ.

ಒಂದು ವರ್ಷ ಮದುವೆ ಕಾಲದಲ್ಲೇ ಕಾರು ಸದ್ದು ಮಾಡಲು ಶುರುವಾಯಿತು. ನೇರ ಹೋದರೆ ಏನೂ ಇಲ್ಲ, ತಿರುಗಿಸಿದರೆ ಮಾತ್ರ ಕಟಕ್, ಕಟಕ್. ಮೇಸ್ತ್ರಿ ಕೆಳಗೆ ನುಸುಳಿ ನೋಡಿ, "ಚಕ್ರ ಎಳೆಯೋ ಸರಳಿನ ಕೊನೇಲಿ ಒಂದು ಗುಂಡಿದೆ, ಅದು ಸವೆದೋಗಿದೆ. ಕಿತ್ಕೊಂಡ್ರೆ ಚಕ್ರ ಸ್ಟೇರಿಂಗ್ ಮಾತು ಕೇಳಲ್ಲ. ಬೇರೆ ತರಿಸ್ಬೇಕು. ಅಲ್ಲೀತನಕ ಗಾಡಿ ನಿಲ್ಸು" ಅಂದರು.

"ಏನ್ ಗುರು ನೀನು! ನಾಳೆ ಮದುಮಗಳನ್ನ ಶಿವಗಂಗೆಗೆ ಕರ್ಕೊಂಡು ಹೋಗ್ಬೇಕು. ಒಂಚೂರು ಗ್ರೀಸ್ ಹೊಡ್ದು ಕೊಡು. ಸದ್ದು ನಿಂತ್ರೆ ಸಾಕು."

"ನಿಲ್ಸಕ್ಕೆ ಬರುತ್ತೆ ಕಣೋ. ನಿಲ್ಸಲ್ಲ. ಅದು ಕೂಗ್ತಿರೋದು ನಿನ್ನ ಒಳ್ಳೇದಕ್ಕೆ."

"ಮರದ ಕೆಳಗೆ ಕೂತು ಭಾಷಣ ಬೇರೆ" ಅಂತ ರೇಗಿ, ನಮ್ಮನೆಯವರು ಅರಿಶಿನಕುಂಟೆ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಯಾರಿಂದಲೋ ಗ್ರೀಸ್ ತುಂಬಿಸಿಕೊಂಡು ಬಂದರು. ಸದ್ದೇ ಇಲ್ಲ! ನಾನೂ ದೇವರು ದೊಡ್ಡವನು ಅಂದುಕೊಂಡೆ.

ಮರುದಿನ ಬೆಳಗ್ಗೆ ಕಾರಿಗೆ ಹಾರ ಹಾಕಿ, ಚಕ್ರಕ್ಕೆ ಇಡಲು ನಿಂಬೆಹಣ್ಣು ಹಿಡಿದು ನಿಂತಿದ್ದೆ. ಇವರು ಬಚ್ಚಲಲ್ಲಿದ್ದರು. ಮೇಸ್ತ್ರಿ ಹೆಗಲ ಮೇಲೆ ಗೋಣಿತಾಟು ಹಾಕಿಕೊಂಡು ಬಂದರು.

"ತಂಗಿ, ಹತ್ತಿ ಕೂತ್ಕೊ. ಸ್ಟೇರಿಂಗ್ ಹಿಡ್ಕೊ."

"ಅಯ್ಯೋ, ನಂಗೆಲ್ಲಿ ಬರುತ್ತಣ್ಣ?"

"ರಾಗಿಕಲ್ಲು ತಿರುಗ್ಸಲ್ವಾ? ಅಷ್ಟೇ. ಆ ಕಡೆ ಒಂಚೂರು, ಈ ಕಡೆ ಒಂಚೂರು."

ಸೆರಗು ಸಿಕ್ಕಿಸಿ ಕೂತೆ. ಅವರು ಕೆಳಗೆ ಮಲಗಿ ಆ ಗುಂಡಿನ ಮೇಲೆ ಅಂಗೈ ಇಟ್ಟುಕೊಂಡರು. ನಾನು ಅಲ್ಲಾಡಿಸಿದೆ. ಒಂದು ಸದ್ದಿಲ್ಲ. ಆಮೇಲೆ ನನ್ನನ್ನು ಇಳಿಸಿ, ಬಗ್ಗಿಸಿ, ನನ್ನ ಕೈ ಅಲ್ಲಿಡಿಸಿ ತಾವು ತಿರುಗಿಸಿದರು. ಮಕ್ಕಳ ಬೀಳುವ ಹಲ್ಲು ಬೆರಳಿಗೆ ಅಲ್ಲಾಡುತ್ತದಲ್ಲ, ಹಾಗೆ ಅದು ಒಳಗೇ ಅಲ್ಲಾಡಿತು.

"ಗೊತ್ತಾಯ್ತಾ? ಗ್ರೀಸ್ ಹೊಡ್ದೋನು ಬಾಯಿ ಮುಚ್ಸಿದ್ದಾನೆ, ಅಷ್ಟೇ."

ಇವರು ಮೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಮೇಸ್ತ್ರಿ ಆ ತುಂಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು. ಬೀದಿಯೆಲ್ಲ ಕೇಳುವ ಹಾಗೆ ಜಗಳವಾಯಿತು. ಮದುಮಗಳು ಬೇರೆಯವರ ಗಾಡಿಯಲ್ಲಿ ಹೋದಳು. ಬೆಂಗಳೂರಿಂದ ಹೊಸ ತುಂಡು ತಂದು ಹಾಕುವ ದಿನ ಮೇಸ್ತ್ರಿ ಹಳೆಯದನ್ನು ಇವರ ಕೈಗೆ ಕೊಟ್ಟು, "ಎಳಿ" ಅಂದರು. ಗುಂಡು ಅದರ ಬಟ್ಟಲಿನಿಂದ ಬರೀ ಬೆರಳಿಗೆ ಕಿತ್ತುಕೊಂಡು ಬಂತು. ಇವರು ಜಗುಲಿ ಮೇಲೆ ಕೂತುಬಿಟ್ಟರು. ಆ ಹೊತ್ತಿನಿಂದ, ಅರಿಶಿನ ಕುಂಕುಮ ಇಟ್ಟುಕೊಳ್ಳುವಾಗ ದೇವರ ಜೊತೆ ಈ ಅಣ್ಣನನ್ನೂ ನೆನೆಯುತ್ತೇನೆ.

ಆಗಲೇ ಗಮನಿಸಿದ್ದೆ, ಕಾರಿನ ಕೆಳಗಿಂದ ಎದ್ದವರು ಹೊಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ಬಾನೆಟ್ಟಿಗೆ ಒರಗುತ್ತಿದ್ದರು. ಮೆಡಿಕಲ್ ಸ್ಟೋರಿನ ಮಾತ್ರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಡಾಕ್ಟರಿಗೆ ತೋರಿಸಿ ಅಂದರೆ, "ಮಾತ್ರೆ ನುಂಗಿದ್ರೆ ನಿಂತೋಗುತ್ತಮ್ಮ" ಅನ್ನುವರು.

"ಅದೂ ಗ್ರೀಸ್ ಹೊಡ್ದಂಗೇ ಅಲ್ವಾಣ್ಣ?" ಅಂದಿದ್ದೆ ಒಂದು ಸಲ.

ನಕ್ಕುಬಿಟ್ಟರು. "ನಾನೇನು ಬಾಡಿಗೆಗೆ ಜನ ಹೊರ್ತೀನಾ?"

ಅವರ ಹೆಂಡತಿ ಅತ್ತರು, ಇವರು ಬೈದರು, ನಾನು ಶಿವಗಂಗೆಗೆ ಹರಕೆ ಹೊತ್ತೆ. ಕೊನೆಗೆ ನಿಲ್ಲಲಾಗದೆ ಬಿದ್ದ ಮೇಲೆ ಇದೇ ಕಾರಿನಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಡವಾಗಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದರು. ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದರು. ನಮ್ಮ ಬೀದಿಗೆ ಕಾರು ತಿರುಗಿದಾಗ ಕಣ್ಣು ಬಿಟ್ಟು, "ಸದ್ದಿಲ್ಲ ಅಲ್ವೇನೋ?" ಅಂದರು. "ಇಲ್ಲ ಗುರು" ಅಂದ ಇವರಿಗೆ ಕಾರಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅವರು ತೀರಿಹೋಗುವ ಮೊದಲಿನ ಸೋಮವಾರ ಆರತಿ ತಟ್ಟೆಯನ್ನು ಅವರ ಮನೆಗೇ ತೆಗೆದುಕೊಂಡು ಹೋಗಿದ್ದೆ. ಕೆಲಸ ಬಿಟ್ಟು ಎಷ್ಟೋ ದಿನವಾಗಿ ಕೈ ಬೆಳ್ಳಗಾಗಿತ್ತು, ಗೆರೆಗಳಲ್ಲಿ ಒಂದು ಚೂರು ಕಪ್ಪಿಲ್ಲ. ಆದರೂ ಕೈಯನ್ನು ಮಗುಚಿಯೇ ಹಿಡಿದರು. ನಾನೇ ಮೆತ್ತಗೆ ತಿರುಗಿಸಿ ಅಂಗೈಗೆ ಶಾಖ ತಾಗಿಸಿದೆ. ಆಮೇಲೆ ಒಂದು ಚಮಚ ತೀರ್ಥ ಗಂಟಲಿಗೆ ಇಳಿಯಿತು. ಅಷ್ಟಾದರೂ ಇಳಿಯಿತಲ್ಲ. ಹೆಂಡತಿಯ ಕೈಯಲ್ಲಿ, ತಮ್ಮ ಮನೆಯಲ್ಲೇ ಹೋದರಂತೆ. ಅದೂ ದೇವರ ದಯವೇ ಇರಬೇಕು. ಬೇರೆ ಏನನ್ನೂ ಅವನು ಕೊಡಲಿಲ್ಲ.

ಸುದ್ದಿ ಹೇಳಿದ ಇವರು ಕಾರು ತೆಗೆದುಕೊಂಡು, ಮದುವೆಯಾಗಿ ಬೇರೆ ಊರಲ್ಲಿದ್ದ ಮೇಸ್ತ್ರಿಯ ಹೆಣ್ಣುಮಕ್ಕಳನ್ನು ಕರೆತರಲು ಹೊರಟರು. ಬೀದಿ ಕೊನೆಯಲ್ಲಿ ತಿರುಗುವವರೆಗೂ ಕಿವಿಗೊಟ್ಟು ನಿಂತಿದ್ದೆ. ಹಿತ್ತಿಲಿಗೆ ಬಂದರೆ ದೀಪಗಳ ಮೇಲೆ ಹುಣಸೆಹಣ್ಣು ಒಣಗಿ ಹೋಗಿತ್ತು. ನೀರು ಚಿಮುಕಿಸಿ, ಮತ್ತೆ ಉಜ್ಜಲು ಕೂತೆ.